ಮಾಯಣ್ಣನ ಹೊಟ್ಟೆಯೊಳಗಿನ ಆರು ಅಂಕಿ

ಮುದ್ದೆ ದಕ್ಕುವ ಹೊಟ್ಟೆ ಊರಿಗೆ ನೂರು ಸಿಗುತ್ತವೆ, ಮಾತು ದಕ್ಕುವ ಹೊಟ್ಟೆ ಒಂದು ಸಿಕ್ಕಿದರೆ ಹೆಚ್ಚು. ಹೊಂಗನೂರಿನ ಮಗ್ಗುಲಲ್ಲಿರುವ ಸಿದ್ದಪ್ಪನದೊಡ್ಡಿಯ ಮಾಯಣ್ಣನಿಗೆ ದೇವರು ಮೊದಲನೆಯದನ್ನು ಧಾರಾಳವಾಗಿ ಕೊಟ್ಟು, ಎರಡನೆಯದನ್ನು ಕೊಡುವ ಹೊತ್ತಿಗೆ ಬೇರೆ ಕೆಲಸದ ಮೇಲೆ ಎದ್ದು ಹೋಗಿದ್ದ.

ಹಾಗಂತ ಅವನನ್ನು ಚಾಡಿಕೋರ ಅಂದರೆ ಪಾಪ ಸುತ್ತಿಕೊಳ್ಳುತ್ತದೆ. ಅವನಲ್ಲಿ ಕೇಡು ಬುದ್ಧಿ ಇರಲಿಲ್ಲ. ಕೇಳಿದ್ದನ್ನು ಹೇಳಿಬಿಡುತ್ತಿದ್ದ, ಅಷ್ಟೆ. ಅವನ ಅಣ್ಣ ಬೋರಲಿಂಗಯ್ಯ ಒಮ್ಮೆ ಒದೆಯುವ ಹಸುವೊಂದನ್ನು ಕೆಂಗಲ್ ಕಡೆಯವರಿಗೆ ಮಾರಲು ನಿಂತಿದ್ದ. ವ್ಯಾಪಾರ ಕುದುರಿ, ಕೈಗೆ ಕೈ ಸೇರುವುದೊಂದು ಬಾಕಿ. ಕೊಳ್ಳುವವನು ಸುಮ್ಮನೆ ಮಾತಿಗೆ, ಹಗ್ಗ ಹಿಡಿದು ನಿಂತಿದ್ದ ಮಾಯಣ್ಣನನ್ನು "ಹಸಿನ ಹೆಸರೇನಪ್ಪ?" ಅಂದ. "ಹೆಸ್ರು ಗಂಗೆ ಕಣಣ್ಣ, ಒದೆಯೋದು ಎಡಗಾಲಲ್ಲಿ" ಅಂದ ಮಾಯಣ್ಣ. ಆ ಹಸು ಇನ್ನೂ ಬೋರಲಿಂಗಯ್ಯನ ಕೊಟ್ಟಿಗೆಯಲ್ಲೇ ಇದೆ, ಎಡಗಾಲಲ್ಲೇ ಒದೆಯುತ್ತಿದೆ.

ಅಂದಿನಿಂದ ಮಾಯಣ್ಣ ಬಂದರೆ ಜಗಲಿಯ ಮೇಲಿನ ಮಾತು ಮಳೆ ಬೆಳೆಯ ಕಡೆಗೆ ತಿರುಗುತ್ತಿತ್ತು. ಯಾರ ಮನೆಗೆ ಸಂಬಂಧದವರು ಬರುವುದಿದ್ದರೂ ಅಂದು ಅವನನ್ನು ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗು ಅನ್ನುತ್ತಿದ್ದರು. ಅದನ್ನೆಲ್ಲ ಅವನು ಸಹಿಸಿದ್ದ. ಆದರೆ ಯುಗಾದಿ ಕಳೆದ ಮೇಲೆ ಒಂದು ದಿನ ಬೋರಲಿಂಗಯ್ಯ ಬಂದು, "ಅನುಷಂಗೆ ಸೋಲೂರ್ ಕಡೆಯಿಂದ ಒಂದು ಸಂಬಂಧ ಬತ್ತಾ ಐತೆ. ಮಾತುಕತೆ ದಿನ ನೀನು ಒಸಿ ಗುಡ್ಡದ ಕಡೆ ಇರ್ಲಾ" ಅಂದಾಗ ಮಾಯಣ್ಣನಿಗೆ ನಿಜವಾಗಿ ನೋವಾಯಿತು. ಅನುಷಾ ಅವನ ಒಬ್ಬಳೇ ಮಗಳು. ಮಗಳ ಮದುವೆಯ ಮಾತಿಗೆ ಅಪ್ಪನನ್ನು ಕುರಿಯ ಜೊತೆ ಕಳಿಸುವುದು ಅಂದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಒಂದೇ ಒಂದು ಸಲ, ಒಂದೇ ಒಂದು ಗುಟ್ಟನ್ನು ಕಾಪಾಡಿ ಇವರಿಗೆಲ್ಲ ತೋರಿಸಬೇಕು ಅಂತ ಅವನು ಅಂದು ಮನಸ್ಸಿನಲ್ಲೇ ಕೆಂಗಲ್ ಆಂಜನೇಯನಿಗೆ ಕೈ ಮುಗಿದ. ಆಂಜನೇಯ ಕೇಳಿಸಿಕೊಂಡ. ಒಂದು ಬೇಡಿದವನಿಗೆ ಊರಿಗಾಗುವಷ್ಟು ಕೊಟ್ಟ.

ಅದು ಬಂದ ದಾರಿಯನ್ನು ಒಂದಿಷ್ಟು ಹೇಳಬೇಕು. ಎಷ್ಟೋ ವರ್ಷದ ಹಿಂದೆ ಆಧಾರ್ ಕಾರ್ಡು ಮಾಡುವವರು ಮೊದಲ ಸಲ ಊರಿನ ಶಾಲೆಗೆ ಬಂದಿದ್ದಾಗ, ಕಂಪ್ಯೂಟರ್ ಮುಂದೆ ಕೂತವನು ಪ್ರತಿಯೊಬ್ಬರ ಹತ್ತಿರವೂ ಮೊಬೈಲ್ ನಂಬರ್ ಕೇಳಿದ. ಆಗ ದೊಡ್ಡಿಗೆಲ್ಲ ಮೊಬೈಲು ಅಂತ ಇದ್ದದ್ದು ಮಾಯಣ್ಣನ ಹತ್ತಿರ ಮಾತ್ರ. ಎರಡು ಟಗರು ಮಾರಿ ತಂದದ್ದು, ಟಾರ್ಚು ಬೇರೆ ಇತ್ತು. ಅವನು ಶಾಲೆಯ ಬಾಗಿಲಲ್ಲಿ ದಿನವೆಲ್ಲ ನಿಂತು, "ನಂದೇ ಹಾಕ್ಕೊಳಿ ಸ್ವಾಮಿ, ಸಂಕೋಚ ಬ್ಯಾಡ" ಅಂತ ಒಬ್ಬೊಬ್ಬರಿಗೂ ತನ್ನ ನಂಬರನ್ನು ದಾನ ಮಾಡಿದ. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಆದರೆ ಕಾರ್ಡಿಗೆ ಅಂಟಿದ್ದ ನಂಬರು ಹಾಗೇ ಉಳಿಯಿತು. ಹೆಬ್ಬೆಟ್ಟು ಒತ್ತಿದರೆ ಕೆಲಸ ಆಗುತ್ತಿದ್ದ ಕಾಲದಲ್ಲಿ ಅದು ಯಾರಿಗೂ ನೆನಪಿಗೆ ಬರಲಿಲ್ಲ.

ಈ ವರ್ಷ ಎಲ್ಲದಕ್ಕೂ ಇ-ಕೆವೈಸಿ ಬಂತು. ಪಡಿತರಕ್ಕೆ, ಪಿಂಚಣಿಗೆ, ಪಹಣಿಗೆ, ರೇಷ್ಮೆ ಗೂಡು ಮಾರುವುದಕ್ಕೆ. ನೀನು ನೀನೇ ಹೌದೋ ಅಲ್ಲವೋ ಅಂತ ಸರ್ಕಾರ ಒಬ್ಬೊಬ್ಬರನ್ನೇ ಕೇಳತೊಡಗಿತು. ಹೌದು ಅನ್ನಬೇಕಾದರೆ ಆರು ಅಂಕಿಯ ಒಟಿಪಿ ಹೇಳಬೇಕು. ಆ ಒಟಿಪಿ ಬಂದು ಬೀಳುವುದು ಮಾಯಣ್ಣನ ಪಂಚೆಯೊಳಗಿನ ಪಟಾಪಟಿ ಚಡ್ಡಿಯ ಜೇಬಿಗೆ.

ಮೊದಲ ಮೆಸೇಜು ಬಂದಾಗ ಅವನು ಅದನ್ನು ಮಗಳ ಕೈಗೆ ಕೊಟ್ಟು ಓದಿಸಿದ. ಅನುಷಾ ರಾಮನಗರದಲ್ಲಿ ಕಡೇ ವರ್ಷದ ಡಿಗ್ರಿ ಓದುತ್ತಿದ್ದವಳು. ಅಪ್ಪನ ಬಾಯಿಯ ಸಂಗತಿ ಚೆನ್ನಾಗಿ ಬಲ್ಲವಳು.

"ಇದೊಂದು ಗುಟ್ಟಿನ ನಂಬರ್ ಕಣಪ್ಪ. ಇದನ್ನ ಯಾರಿಗೂ ಹೇಳ್ಬೇಡಿ ಅಂತ ಬರ್ದದೆ."

"ಯಾರ್ಗೂ?"

"ಯಾರ್ಗೂ ಅಂದ್ರೆ ಯಾರ್ಗೂ. ಸರ್ಕಾರದೋರಿಗೂ ನಿನ್ನ ವಿಷ್ಯ ಗೊತ್ತಾಗ್ಬುಟ್ಟದೆ ಅನ್ಸುತ್ತೆ."

ಮಗಳು ನಕ್ಕಳು. ಮಾಯಣ್ಣ ನಗಲಿಲ್ಲ. ಯಾರಿಗೆ ಫೋನು ಮಾಡಿದರೂ ಆ ದಿನಗಳಲ್ಲಿ ಮೊದಲು ಒಬ್ಬ ಹೆಂಗಸು ಅಡ್ಡ ಬಂದು, ಒಟಿಪಿ ಯಾರಿಗೂ ಹೇಳಬೇಡಿ, ಮೋಸ ಹೋಗಬೇಡಿ ಅಂತ ಅಚ್ಚಗನ್ನಡದಲ್ಲಿ ಬುದ್ಧಿ ಹೇಳುತ್ತಿದ್ದಳು. ಮಾಯಣ್ಣ ಅವಳಿಗೆ ಪ್ರತಿ ಸಲವೂ "ಆಯ್ತು ಕಣವ್ವ" ಅಂತ ಒಪ್ಪಿಕೊಂಡೇ ಮುಂದಿನ ಮಾತಿಗೆ ಹೋಗುತ್ತಿದ್ದ. ಮಾತು ಕೊಟ್ಟ ಮೇಲೆ ಮುಗಿಯಿತು.

ಇದರ ಏಟು ಮೊದಲು ತಿಂದವಳು ಪಕ್ಕದ ಮನೆಯ ಮಾರಕ್ಕ. ಅವಳ ಪಿಂಚಣಿ ನಿಂತಿತ್ತು. ಹೊಂಗನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗಣೇಶನ ಮುಂದೆ ಹೋಗಿ ಕೂತಳು. ಗಣೇಶ ಅಲ್ಲಿಂದ ಫೋನು ಮಾಡಿದ.

"ಮಾಯಣ್ಣ, ಮಾರಕ್ಕಂದು ಒಂದು ಒಟಿಪಿ ಬಂದದಾ ನೋಡು."

"ಬಂದದೆ."

"ಏನದೆ?"

"ಹೇಳಕ್ಕಾಗಕಿಲ್ಲ."

"ಕನ್ನಡಕ ಇಲ್ವಾ?"

"ಕನ್ನಡಕ ಐತೆ. ಅದು ಗುಟ್ಟು."

ಮಾರಕ್ಕ ಫೋನು ಕಿತ್ತುಕೊಂಡಳು. "ಲೋ ಮಾಯ, ಅದು ನಂದು ಕಣೋ!"

"ನಿಂದೇ ಇರ್ಬೌದು ಕಣಕ್ಕ, ನಾನೇನ್ ಇಲ್ಲ ಅಂದ್ನಾ? ಯಾರ್ಗೂ ಹೇಳ್ಬ್ಯಾಡಿ ಅಂತ ಬರ್ದವ್ರೆ. ಮಾರಕ್ಕನ್ನ ಬುಟ್ಟು ಅಂತ ಎಲ್ಲೂ ಬರ್ದಿಲ್ಲ."

ಹತ್ತು ನಿಮಿಷಕ್ಕೆ ಒಟಿಪಿ ಸತ್ತಿತು. ಗಣೇಶ ಇನ್ನೊಂದು ಕಳಿಸಿದ, ಅದೂ ಸತ್ತಿತು. ಮೂರನೆಯದಕ್ಕೆ ಕಂಪ್ಯೂಟರೇ ಬೇಸತ್ತು, ನಾಳೆ ಬನ್ನಿ ಅಂದಿತು. ಮಾರಕ್ಕ ಬಸ್ಸಿಳಿದವಳೇ ಮಾಯಣ್ಣನ ಮನೆಯ ಮುಂದೆ ನಿಂತು, ಅವನ ಮೂರು ತಲೆಮಾರಿಗೆ ಸಲ್ಲಬೇಕಾದ್ದನ್ನೆಲ್ಲ ಸಲ್ಲಿಸಿದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಹೆಂಡತಿ ಪುಟ್ಟಲಕ್ಷ್ಮಮ್ಮ ಮಾತ್ರ ಬಾಗಿಲ ಸಂದಿಯಲ್ಲಿ ನಿಂತು ಗಂಡನ ಮುಚ್ಚಿದ ಬಾಯಿಯನ್ನು ನಂಬಲಾರದೆ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಅದನ್ನು ನೋಡಿರಲಿಲ್ಲ.

ಸಂಜೆ ಅರಳೀಕಟ್ಟೆಯಲ್ಲಿ ಊರು ಸೇರಿತು. ಫೋನು ಕಿತ್ತುಕೊಳ್ಳಿ ಅಂತ ಕೆಲವರು ಅಂದರು. ಪಟಾಪಟಿ ಚಡ್ಡಿಯ ಜೇಬಿಗೆ ಕೈ ಹಾಕಲು ಯಾರೂ ಮುಂದೆ ಬರಲಿಲ್ಲ. ನಂಬರ್ ಬದಲಾಯಿಸಿಕೊಳ್ಳೋಣ ಅಂದರೆ ಪೇಟೆಗೆ ಹೋಗಿ ಟೋಕನ್ ತಗೋಬೇಕು, ಅದರ ಸರದಿ ಬರುವುದು ಯಾವ ಕಾಲಕ್ಕೋ. ಕೊನೆಗೆ ದಾರಿ ತೋರಿಸಿದವಳು ಮಾರಕ್ಕನೇ.

"ಬಾಯಲ್ಲಿ ಹೇಳ್ಬ್ಯಾಡ ಅಂತ ತಾನೆ ಬರ್ದಿರೋದು? ಕೈಯಲ್ಲಿ ಒತ್ತಿದ್ರೆ?"

ಮಾಯಣ್ಣ ಬಹಳ ಹೊತ್ತು ಯೋಚಿಸಿದ. ಒತ್ತಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಒಪ್ಪಿಕೊಂಡ.

ಮಾರನೆಯ ದಿನ ಗಣೇಶನ ಅಂಗಡಿಯಲ್ಲಿ ನಡೆದದ್ದನ್ನು ಪೂಜೆ ಅಂದರೂ ಸಲ್ಲುತ್ತದೆ. ಮಾಯಣ್ಣ ಚಪ್ಪಲಿ ಹೊರಗೆ ಬಿಟ್ಟು ಬಂದ. ಗಣೇಶನಿಗೆ ಗೋಡೆ ಕಡೆ ತಿರುಗು ಅಂದ. ಮಾರಕ್ಕನಿಗೆ ಕಣ್ಣು ಮುಚ್ಚು ಅಂದ. ಟವಲನ್ನು ತಲೆಯ ಮೇಲಿಂದ ಕಂಪ್ಯೂಟರಿನ ತನಕ ಹೊದ್ದುಕೊಂಡು, ಒಂದೇ ಬೆರಳಲ್ಲಿ ಆರು ಅಂಕಿ ಒತ್ತಿದ. ಮೆಸೇಜನ್ನಂತೂ ಬಂದ ತಕ್ಷಣವೇ ಅಳಿಸಿರುತ್ತಿದ್ದ, ಫೋನನ್ನೇನು ನಂಬುವುದು ಅಂತ. ಅಂಕಿಗಳನ್ನು ನೆನಪಿಟ್ಟುಕೊಳ್ಳಲು ಅವನಿಗೆ ಒಂದೇ ವಿದ್ಯೆ ಗೊತ್ತಿತ್ತು, ಕುರಿ ಎಣಿಸುವುದು. ಅದರಲ್ಲಿ ಅವನು ಹುಟ್ಟಿದಾಗಿನಿಂದ ತಪ್ಪಿದವನಲ್ಲ. ಎಂಟು ಕುರಿ, ಒಂದು ಟಗರು, ಐದು ಮರಿ, ಹೀಗೆ ಅಂಕಿಗಳನ್ನು ಮನಸ್ಸಿನ ಹಟ್ಟಿಯೊಳಗೆ ಸಾಲಾಗಿ ಕೂಡಿಬಿಡುತ್ತಿದ್ದ. ಸೊನ್ನೆ ಬಂದರೆ ಮೇಕೆ ಒಂದೂ ಇಲ್ಲ ಅಂದುಕೊಳ್ಳುತ್ತಿದ್ದ, ಯಾಕೆಂದರೆ ಅವರ ಹಟ್ಟಿಯಲ್ಲಿ ಎಂದೂ ಮೇಕೆ ಸಾಕಿರಲಿಲ್ಲ. ಪಡಸಾಲೆಯಲ್ಲಿ ಕೂತು ಹೀಗೆ ಗೊಣಗಿಕೊಳ್ಳುವುದನ್ನು ಮಗಳು ಕೇಳಿ ಕೇಳಿ ನಗುತ್ತಿದ್ದಳು.

ಅಲ್ಲಿಂದ ಮಾಯಣ್ಣನ ದೆಸೆ ತಿರುಗಿತು. ಒಟಿಪಿ ಬೇಕಾದವರು ಅವನನ್ನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಹೋಗಿ, ಇಡ್ಲಿ ವಡೆ ಕೊಡಿಸಿ, ಒತ್ತಿಸಿಕೊಂಡು ಕರೆತರಬೇಕಾಯಿತು. ಮೆಸೇಜಿನಲ್ಲಿ ಬರುವ ಕಾರ್ಡಿನ ಕೊನೆಯ ನಾಲ್ಕು ಅಂಕಿ ನೋಡಿದರೆ ಯಾರದು ಅಂತ ಅವನಿಗೆ ಗೊತ್ತಾಗಿಬಿಡುತ್ತಿತ್ತು. ಕುರಿಯ ಕಿವಿ ನೋಡಿ ಯಾರ ಮಂದೆಯದು ಅಂತ ಹೇಳುವವನಿಗೆ ಅದೇನು ಮಹಾ. ಯಾರು ಯಾವ ಕೆಲಸಕ್ಕೆ ಹೋಗಿದ್ದರು ಅಂತ ಮಾತ್ರ ಯಾರು ಕೇಳಿದರೂ ಹೇಳಲಿಲ್ಲ. ಹುಷಾರಿಗಿರಲಿ ಅಂತ ಉಳಿದ ಮಾತುಗಳನ್ನೂ ನಿಲ್ಲಿಸಿದ. "ಹೊಂಗನೂರಲ್ಲಿ ಮಳೆ ಬಂತಾ ಮಾಯಣ್ಣ?" ಅಂದರೆ "ಹೇಳಕ್ಕಾಗಕಿಲ್ಲ" ಅನ್ನುತ್ತಿದ್ದ. ಪುಟ್ಟಲಕ್ಷ್ಮಮ್ಮ ಮೊದಲ ವಾರ ಸಂತೋಷಪಟ್ಟಳು. ಎರಡನೆಯ ವಾರ ಹೆದರಿ, ಕೆಂಗಲ್‌ಗೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದಳು.

ಮುಂದೆ ಒಂದು ದಿನ ಕಂದಾಯ ಇಲಾಖೆಯ ಪ್ರತಿಮಾ ಮೇಡಂ ಊರಿಗೇ ಬಂದರು. ಎಲ್ಲರ ಪಹಣಿಗೂ ಆಧಾರ್ ಜೋಡಿಸಬೇಕಿತ್ತು. ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಮೊದಲು ಜನರಿಗೆ ತಿಳಿವಳಿಕೆ ಕೊಟ್ಟರು.

"ಒಟಿಪಿಯನ್ನು ಯಾರಿಗೂ ಹೇಳಬಾರದು. ಬ್ಯಾಂಕಿನವರು ಅಂದರೂ ಹೇಳಬಾರದು, ಆಫೀಸರು ಅಂದರೂ ಹೇಳಬಾರದು. ಗೊತ್ತಾಯ್ತಾ?"

ಮಾಯಣ್ಣ ಎದ್ದು ನಿಂತು ಊರನ್ನು ಒಂದು ಸುತ್ತು ನೋಡಿದ. ಈಗೇನಂತೀರಿ ಅನ್ನುವ ಹಾಗಿತ್ತು ಆ ನೋಟ. ಆಮೇಲೆ ಮೇಡಂ ಬೋರಲಿಂಗಯ್ಯನ ಕಾರ್ಡು ತಗೊಂಡು ತಮ್ಮ ಮೊಬೈಲಿನಲ್ಲಿ ಒತ್ತಿ, "ಒಟಿಪಿ ಯಾರಿಗೆ ಬಂತು? ಹೇಳಿ" ಅಂದರು.

"ಈಗ್ ತಾನೇ ನೀವೇ ಹೇಳ್ಬಾರ್ದು ಅಂದ್ರಿ."

"ನಾನು ಹೇಳಿದ್ದು ಕಳ್ಳರಿಗೆ ರೀ."

"ನೀವು ಕಳ್ರಲ್ಲ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು ತಾಯಿ? ತಪ್ ತಿಳ್ಕೋಬ್ಯಾಡಿ. ನಿಮ್ದೂ ಒಸಿ ಕೆವೈಸಿ ಆಗ್ಲಿ."

ಪ್ರತಿಮಾ ಮೇಡಂ ಗುರುತಿನ ಚೀಟಿ ತೋರಿಸಿದರು. ಫೋಟೋದಲ್ಲಿ ಕನ್ನಡಕ ಇಲ್ಲ ಅಂದ ಮಾಯಣ್ಣ. ಮೇಡಂ ಕನ್ನಡಕ ತೆಗೆದರು. ಕನ್ನಡಕ ತೆಗೆದ ಮೇಲೆ ಅವರಿಗೆ ಮಾಯಣ್ಣ ಕಾಣಲಿಲ್ಲ, ಮೊಬೈಲೂ ಕಾಣಲಿಲ್ಲ. ಕೊನೆಗೆ ಅವರೂ ಸೋತು ಗೋಡೆ ಕಡೆ ತಿರುಗಿ ನಿಂತರು, ಮಾಯಣ್ಣ ಟವಲು ಹೊದ್ದು ಒತ್ತಿದ. ಹೋಗುವಾಗ ಮೇಡಂ ಬೋರಲಿಂಗಯ್ಯನಿಗೆ ಒಂದು ಮಾತು ಹೇಳಿದರು. "ನಿಮ್ಮ ತಮ್ಮ ತೊಂದರೆ ಕೊಡ್ತಾರೆ ನಿಜ. ಆದರೆ ಬಾಯಿ ಬಿಗಿ ಇರೋ ಇಂಥ ಮನುಷ್ಯರನ್ನ ನಾನು ನೋಡೇ ಇಲ್ಲ."

ಬಾಯಿ ಬಿಗಿ! ಅದೂ ಸರ್ಕಾರದವರ ಬಾಯಿಂದ. ಬೋರಲಿಂಗಯ್ಯ ಮನೆಗೆ ಹೋಗುವ ದಾರಿಯುದ್ದಕ್ಕೂ ತಲೆ ಕೆರೆದುಕೊಂಡ. ಮನೆ ಬಾಗಿಲಲ್ಲಿ ನಿಂತು ತಮ್ಮನಿಗೆ ಹೇಳಿದ, "ಸೋಲೂರ್ನೋರು ಬರೋ ದಿನ ಕುರಿ ಕೂಡಿ ಹಾಕ್ಬುಟ್ಟು ನೀನೂ ಬಂದು ಜಗಲಿ ಮ್ಯಾಲೆ ಕೂತ್ಕೊ ಕಣ್ಲಾ." ಆ ರಾತ್ರಿ ಮಾಯಣ್ಣ ನಾಲ್ಕನೆಯ ಮುದ್ದೆ ಉಂಡ.

ಸೋಲೂರಿನಿಂದ ಬಂದದ್ದು ಗಂಡಿನ ಸೋದರಮಾವ ಕೆಂಪರಾಜು ಮತ್ತು ಇನ್ನಿಬ್ಬರು. ಹೆಣ್ಣು ಕಾಲೇಜಿಗೆ ಹೋಗಿದ್ದಾಳೆ, ಮೊದಲು ಹಿರಿಯರು ಮಾತಾಡಿಕೊಳ್ಳೋಣ ಅಂತ ಜಗಲಿಯ ಮೇಲೆ ಜಮಖಾನೆ ಹಾಸಿದ್ದರು. ಮಾಯಣ್ಣ ಅಣ್ಣನ ಪಕ್ಕ ಬಿಳಿ ಅಂಗಿ ತೊಟ್ಟು ಬೆನ್ನು ನೇರ ಮಾಡಿ ಕೂತಿದ್ದ. ಎಲೆ ಅಡಿಕೆ ತಟ್ಟೆ ಒಂದು ಸುತ್ತು ಬಂದಿತ್ತು. ಆಗ ಚಡ್ಡಿಯ ಜೇಬು ಕುಯ್ಯೆಂದಿತು.

ಅವನು ಅಭ್ಯಾಸದಂತೆ ಅತ್ತ ತಿರುಗಿ ಮೆಸೇಜು ನೋಡಿದ, ಅಂಕಿಗಳನ್ನು ಹಟ್ಟಿಗೆ ಕೂಡಿದ, ಅಳಿಸಿದ. ಅಳಿಸಿದ ಮೇಲೆ ಹೊಳೆಯಿತು. ಕೊನೆಯ ನಾಲ್ಕು ಅಂಕಿ ಮಗಳದು. ಅಷ್ಟರಲ್ಲಿ ಮಗಳ ಫೋನೇ ಬಂತು.

"ಅಪ್ಪ, ಮಾತಾಡ್ಬೇಡ, ಸುಮ್ನೆ ಕೇಳಿಸ್ಕೊ. ಪೊಲೀಸ್ ಕಾನ್ಸ್‌ಟೇಬಲ್ ಕೆಲ್ಸಕ್ಕೆ ಅರ್ಜಿ ಹಾಕ್ತಾ ಇದೀನಿ. ಇವತ್ತೇ ಕಡೇ ದಿನ. ಆಧಾರ್ ಒಟಿಪಿ ನಿಂಗೆ ಬಂದದೆ. ದೊಡ್ಡಪ್ಪಂಗೆ ಗೊತ್ತಾದ್ರೆ ಕಾಲೇಜೂ ಬಿಡಿಸಿ ಮದ್ವೆ ಮಾಡ್ಬುಡ್ತಾನೆ. ನಿಂಗೆ ಹೇಳಿದ್ರೆ ಊರಿಗೆ ಹೇಳ್ದಂಗೆ ಅಂತ ಇಷ್ಟ್ ದಿನ ಹೇಳ್ಲಿಲ್ಲ ಕಣಪ್ಪ, ತಪ್ಪಾಯ್ತು. ಬೇರೆ ದಾರಿನೇ ಇಲ್ಲ. ಹತ್ತು ನಿಮಿಷ ಅದೆ. ಹೇಳಪ್ಪ."

ರಾಮನಗರಕ್ಕೆ ಹತ್ತು ನಿಮಿಷದಲ್ಲಿ ಹೋಗಿ ಒತ್ತಿ ಬರಲು ಮಾಯಣ್ಣನಿಗೆ ರೆಕ್ಕೆ ಇರಲಿಲ್ಲ. ಬಾಯಿಬಿಟ್ಟು ಹೇಳಿದರೆ ಇಷ್ಟು ದಿನ ಮಾರಕ್ಕನಿಗೂ, ಮೇಡಂಗೂ ಹೇಳದೆ ಉಳಿಸಿಕೊಂಡ ಮಾತು ಮುರಿಯಿತು, ಅದೂ ಅಣ್ಣನ ಎದುರು, ಜಮಖಾನೆಯ ಮೇಲೆ. ಎದ್ದು ಹೋಗೋಣವೆಂದರೆ ಬೋರಲಿಂಗಯ್ಯ ಎದ್ದು ಹಿಂದೆಯೇ ಬರುವವನು. ಹೇಳದಿದ್ದರೆ ಮಗಳ ಅರ್ಜಿ ಹತ್ತು ನಿಮಿಷಕ್ಕೆ ಸಾಯುತ್ತದೆ. ನಿಂಗೆ ಹೇಳಿದ್ರೆ ಊರಿಗೆ ಹೇಳ್ದಂಗೆ ಅಂದಳಲ್ಲ, ಆ ಮಾತು ಅವನನ್ನು ಎಲ್ಲಕ್ಕಿಂತ ಜಾಸ್ತಿ ಚುಚ್ಚಿತು. ಕೆಂಪರಾಜು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಇವನನ್ನೇ ನೋಡುತ್ತಿದ್ದ.

"ಕುರಿ ಎಣಿಸ್ಕೊ" ಅಂದ ಮಾಯಣ್ಣ, ಗಟ್ಟಿಯಾಗಿ.

ಆ ಕಡೆ ಮಗಳಿಗೆ ಅರ್ಥವಾಯಿತು.

"ಕುರಿ ನಾಕು. ಟಗರು ಎಲ್ಡು. ಮರಿ ಒಂಬತ್ತು." ಸ್ವಲ್ಪ ತಡೆದ. "ಮೇಕೆ ಒಂದೂ ಇಲ್ಲ. ಆಮ್ಯಾಕೆ ಬಂದ ಕುರಿ ಏಳು. ಟಗರು ಮೂರು. ಅಷ್ಟೇ. ಸರ್ಯಾಗಿ ಕೂಡಾಕು, ಒಂದೂ ತಪ್ಪಿಸ್ಕೋಬಾರ್ದು."

"ಆಯ್ತಪ್ಪ" ಅಂದಳು ಅನುಷಾ.

ಮಾಯಣ್ಣ ಫೋನನ್ನು ಜೇಬಿಗಿಟ್ಟು ಮತ್ತೆ ಬೆನ್ನು ನೇರ ಮಾಡಿ ಕೂತ. ಬೋರಲಿಂಗಯ್ಯ ಬೆರಳಿನಲ್ಲಿ ಲೆಕ್ಕ ಹಾಕುತ್ತಿದ್ದ.

"ಯಾರ್ದ್ಲಾ ಫೋನು?"

"ಹೇಳಕ್ಕಾಗಕಿಲ್ಲ."

"ಇಪ್ಪತ್ತೈದು ಆಯ್ತಲ್ಲೋ. ನಮ್ಮಟ್ಟೀಲಿ ನಲವತ್ತೈತೆ. ಮಿಕ್ಕಿದ್ದು ಏನಾದ್ವು?"

"ಹೇಳಕ್ಕಾಗಕಿಲ್ಲ ಕಣಣ್ಣ."

ಕೆಂಪರಾಜು ಗಂಟಲು ಸರಿಮಾಡಿಕೊಂಡ. "ಅಲ್ಲ ಯಜಮಾನ್ರೆ, ನಲವತ್ತು ಕುರಿ ಅಂತ ಹೇಳಿ ಕಳಿಸಿದ್ರಿ."

"ನಲವತ್ತೇ ಇರೋದು" ಅಂದ ಬೋರಲಿಂಗಯ್ಯ. "ಲೇ ಮಾಯ, ಬಾಯ್ಬುಡ್ಲಾ!"

ಮಾಯಣ್ಣ ಬಾಯಿ ಬಿಡಲಿಲ್ಲ. ಹಟ್ಟಿಗೆ ಹೋಗಿ ಎಣಿಸಿ ಬಂದರು, ನಲವತ್ತೂ ಇದ್ದವು. ಇದರಿಂದ ಸೋಲೂರಿನವರ ಅನುಮಾನ ಇನ್ನೂ ಬಲವಾಯಿತು. ಇದ್ದ ಕುರಿಯನ್ನೇ ಇಲ್ಲ ಅನ್ನುವವನು ಇಲ್ಲದ್ದನ್ನು ಏನೇನು ಇದೆ ಅಂದಿದ್ದಾನೋ! "ಹೆಣ್ಣಿನ ನಕ್ಷತ್ರ ಯಾವ್ದು?" ಅಂತ ಕೊನೆಗೊಂದು ಪ್ರಶ್ನೆ ಹಾಕಿ ನೋಡಿದರು. ಹೆದರಿ ಬಾಯಿ ಕಟ್ಟಿಹೋಗಿದ್ದ ಮಾಯಣ್ಣ ಅದಕ್ಕೂ ಹೇಳಕ್ಕಾಗಕಿಲ್ಲ ಅಂದ. ಹೆಣ್ಣಿನ ಅಪ್ಪನೇ ಏನೋ ಮುಚ್ಚಿಡ್ತಾವ್ನೆ ಅಂತ ಕೆಂಪರಾಜು ಕಾಫಿಗೂ ನಿಲ್ಲದೆ ಎದ್ದ. ಬೋರಲಿಂಗಯ್ಯ ಜಮಖಾನೆ ಮಡಿಸಿ ತಮ್ಮನ ಮುಂದೆ ಒಗೆದ.

"ಬಾಯಿ ತೆಗುದ್ರೂ ಕೆಡಿಸ್ತೀಯ, ಮುಚ್ಚಿದ್ರೂ ಕೆಡಿಸ್ತೀಯ. ನಾಳೆಯಿಂದ ಗುಡ್ಡದ ಕಡೆ ಹೋಗ್ಲಾ ನೀನು."

ಮಾಯಣ್ಣ ಮಾರನೆಯ ದಿನದಿಂದ ಹೋದದ್ದು ಕೆರೆ ಏರಿಯ ಕಡೆಗೆ. ಬೆಳಗಿನ ಜಾವ, ಹಿಪ್ಪುನೇರಳೆ ಸೊಪ್ಪಿಗೆ ಅಂತ ಹೊರಟ ಮಗಳು ಏರಿಯ ಮೇಲೆ ಓಡುತ್ತಿದ್ದಳು. ಪೊಲೀಸಾಗಬೇಕಾದರೆ ಓಡಿ ತೋರಿಸಬೇಕಂತೆ. ಅಪ್ಪ ಕುರಿ ಮೇಯಿಸುವ ನೆಪದಲ್ಲಿ ಕಾವಲು. ಅವಳು ಓಡಿದರೆ ಕುರಿಗಳೂ ಬೆದರಿ ಹಿಂದೆ ಓಡುತ್ತಿದ್ದವು. ಆ ವರ್ಷ ಸಿದ್ದಪ್ಪನದೊಡ್ಡಿಯಲ್ಲಿ ಮಾಯಣ್ಣನ ಮಂದೆಯೊಂದೇ ಸೊರಗಿತು. "ಕುರಿಗೇನ್ಲಾ ಆಗೈತೆ?" ಅಂದವರಿಗೆ ಉತ್ತರ ಸಿಗಲಿಲ್ಲ. ಪುಟ್ಟಲಕ್ಷ್ಮಮ್ಮ ಗಂಡನ ಹೊಟ್ಟೆಯೊಳಗೆ ಏನೋ ಗಂಟು ಇದೆ ಅಂತ ಕಷಾಯ ಕುಡಿಸಿದಳು. ಅವಳ ಊಹೆ ಸರಿಯಾಗಿತ್ತು. ಎಷ್ಟೋ ಸಲ ಆ ಮಾತು ಗಂಟಲ ತನಕ ಬಂದು ನಿಂತಾಗ ಮಾಯಣ್ಣ ಹಟ್ಟಿಗೆ ಓಡಿ, ಒಂದು ಟಗರಿನ ಕಿವಿಯಲ್ಲಿ ಅದನ್ನು ಹೇಳಿ ಬರುತ್ತಿದ್ದ. ಟಗರು ಯಾರಿಗೂ ಹೇಳಲಿಲ್ಲ.

ಅನುಷಾ ಪರೀಕ್ಷೆ ಬರೆದಳು, ಓಡಿ ತೋರಿಸಿದಳು. ಕಾಲೇಜಿನ ಕೆಲಸ ಅಂತ ಹೇಳಿ ಹೋಗಿ ಬಂದಳು. ಏಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸ್ಕೂಟರಿನಲ್ಲಿ ಒಬ್ಬಳು ಹೆಡ್ ಕಾನ್ಸ್‌ಟೇಬಲ್ ಊರಿಗೆ ಬಂದಳು. ಹೆಸರು ಖುರ್ಷಿದಾ. ಕೈಯಲ್ಲೊಂದು ಫೈಲು. ಹಟ್ಟಿಯ ಬಾಗಿಲಲ್ಲಿ ಕೂತಿದ್ದ ಮಾಯಣ್ಣನನ್ನೇ ಮೊದಲು ಕೇಳಿದಳು.

"ಇಲ್ಲಿ ಮಾಯಣ್ಣ ಅನ್ನೋರು ಯಾರು?"

"ಹೇಳಕ್ಕಾಗಕಿಲ್ಲ."

"ನಿಮ್ ಹೆಸರೇನು?"

"ಅದೂ ಹೇಳಕ್ಕಾಗಕಿಲ್ಲ."

"ಅನುಷಾ ಅಂತ ಹುಡುಗಿ ಗೊತ್ತಾ? ಅವಳ ತಂದೆ ಯಾರು?"

ಅರ್ಜಿಯ ವಿಷಯ ಹೊರಗೆ ಬಿದ್ದಿದೆ, ಹಿಡಿಯಲು ಬಂದಿದ್ದಾರೆ ಅಂದುಕೊಂಡ ಮಾಯಣ್ಣ. ಹಲ್ಲು ಕಚ್ಚಿ ಆಕಾಶ ನೋಡಿದ. ಖಾಕಿ ಕಂಡು ಊರು ಸೇರಿತು. ಬೋರಲಿಂಗಯ್ಯ ದೊಣ್ಣೆ ಊರಿಕೊಂಡು ಓಡಿ ಬಂದ, ಅವತ್ತು ಮಾಯಣ್ಣನ ಲೆಕ್ಕದಲ್ಲಿ ಬಿಟ್ಟುಹೋದ ಹದಿನೈದು ಕುರಿಯ ಕೇಸು ಅಂತ ಅವನ ಎಣಿಕೆ.

ಖುರ್ಷಿದಾ ಫೈಲು ತಟ್ಟಿದಳು. "ನೋಡಿ, ಅನುಷಾ ಪೊಲೀಸ್ ಇಲಾಖೆಗೆ ಸೆಲೆಕ್ಟ್ ಆಗವ್ಳೆ. ಇದು ವೆರಿಫಿಕೇಶನ್. ಹುಡುಗಿ ಇದೇ ಊರೋಳಾ, ನಡತೆ ಹೆಂಗೆ, ಊರೋರು ಹೇಳ್ಬೇಕು. ಇವ್ರು ನೋಡಿದ್ರೆ ಏನ್ ಕೇಳಿದ್ರೂ ಆಗಲ್ಲ ಅಂತಾರೆ. ತಂದೆ ಯಾರಂತ್ಲೇ ಗೊತ್ತಿಲ್ಲ ಅಂದ್ರು ಅಂತ ಬರ್ಕೊಂಡ್ ಹೋಗ್ಲಾ?"

ಎಲ್ಲರೂ ಬೋರಲಿಂಗಯ್ಯನ ಮುಖ ನೋಡಿದರು. ಅವನ ಮುಖ ಕೆಂಪೇರಿತ್ತು. ಅವನು ಬೇಡ ಅಂದರೆ ಆ ಊರಲ್ಲಿ ಬೇಕು ಅನ್ನುವವರು ಯಾರೂ ಇರಲಿಲ್ಲ. ಮಾರಕ್ಕ ಒಬ್ಬಳನ್ನು ಬಿಟ್ಟು.

"ಒಳ್ಳೇ ಹುಡ್ಗಿ ಕಣವ್ವ, ಬರ್ಕೊ" ಅಂದಳು ಮಾರಕ್ಕ, ಮುಂದೆ ಬಂದು. "ನಮ್ಮೂರೋಳೇ. ಅವ್ರಪ್ಪ ಇವ್ನೇ, ಈ ಮೂಗ."

ಬೋರಲಿಂಗಯ್ಯ ತಮ್ಮನ ಕಡೆ ತಿರುಗಿದ. "ನಿಂಗೆ ಗೊತ್ತಿತ್ತೇನ್ಲಾ?"

ಮಾಯಣ್ಣ ತಲೆ ಬಗ್ಗಿಸಿದ.

"ಯಾವಾಗ್ನಿಂದ?"

"ಸೋಲೂರ್ನೋರು ಬಂದಿದ್ರಲ್ಲ, ಅವತ್ತಿಂದ."

ಬೋರಲಿಂಗಯ್ಯ ಅಂದಿನಿಂದ ಇಂದಿನ ತನಕ ಬೆರಳು ಮಡಿಸಿದ. ಅವನಿಗೆ ಸಿಟ್ಟು ಬಂದದ್ದು ನಿಜ, ದೊಣ್ಣೆ ಎತ್ತಿದ್ದೂ ನಿಜ. ಆದರೆ ಅವನ ಬಾಯಿಂದ ಬಂದದ್ದು ಬೇರೆ.

"ಏಳು ತಿಂಗಳು ಹೊಟ್ಟೇಲಿ ಮಡಿಕ್ಕೊಂಡಿದ್ಯಾ? ನೀನು? ಲೇ ಮಾಯ, ನೀನಾ?"

ಅಣ್ಣ ಅದನ್ನು ಬೈಗುಳ ಅಂತಲೇ ಅಂದದ್ದು. ಮಾಯಣ್ಣನ ಕಣ್ಣಲ್ಲಿ ನೀರು ಬಂತು. ಇಡೀ ಬದುಕಿನಲ್ಲಿ ಯಾರೂ ಅವನಿಗೆ ಅಷ್ಟು ದೊಡ್ಡ ಮಾತು ಹೇಳಿರಲಿಲ್ಲ. ಬೋರಲಿಂಗಯ್ಯ ದೊಣ್ಣೆ ಇಳಿಸಿ, ಗದ್ದಲ ಕೇಳಿ ಮನೆ ಬಾಗಿಲಿಗೆ ಬಂದು ನಿಂತಿದ್ದ ಅನುಷಾಳನ್ನು ಒಂದು ಗಳಿಗೆ ನೋಡಿ, "ಬರ್ಕೊಳ್ಳವ್ವ. ನಮ್ಮನೆ ಮಗ" ಅಂದ. ಆಮೇಲೆ ಯಾರಿಗೂ ಮುಖ ತೋರಿಸದೆ ಹೊರಟುಹೋದ.

"ತಂದೆ ಬಾಯಿಂದ್ಲೂ ಒಂದ್ ಮಾತು ಬೇಕು" ಅಂದಳು, ಅಷ್ಟರಲ್ಲಿ ಮಾರಕ್ಕನಿಂದ ಒಟಿಪಿಯ ಕತೆ ಕೇಳಿಕೊಂಡಿದ್ದ ಖುರ್ಷಿದಾ. "ಹೇಳಣ್ಣ ಈಗ. ಇದು ಒಟಿಪಿ ಅಲ್ಲ."

ಮಾಯಣ್ಣ ಮಗಳನ್ನು ನೋಡಿದ. ಅನುಷಾ ಅಳುತ್ತಲೇ ನಕ್ಕು, ಹೇಳಪ್ಪ ಅಂತ ತಲೆ ಆಡಿಸಿದಳು.

"ನನ್ನ ಮಗಳು" ಅಂದ ಮಾಯಣ್ಣ.

ಖುರ್ಷಿದಾ ರುಜು ಹಾಕಿಸಿಕೊಂಡು, ಪುಟ್ಟಲಕ್ಷ್ಮಮ್ಮ ಕೊಟ್ಟ ಮಜ್ಜಿಗೆ ಕುಡಿದು ಸ್ಕೂಟರ್ ಹತ್ತಿದಳು. ದಾರಿಯಲ್ಲಿ ಹಿಪ್ಪುನೇರಳೆ ಸೊಪ್ಪು ಹೊತ್ತ ಹೆಂಗಸೊಬ್ಬಳು ನಿಲ್ಲಿಸಿ, ಮಾಯಣ್ಣನ ಮಗಳು ಪೊಲೀಸಾದಳಂತೆ ನಿಜವಾ ಅಂದಳು. ಬಸ್ ನಿಲ್ದಾಣದಲ್ಲಿ ಕೂತ ಮುದುಕರೂ ಅದನ್ನೇ ಮಾತಾಡುತ್ತಿದ್ದರು. ಹೊಂಗನೂರಿನಲ್ಲಿ ಫೈಲಿನ ಜೆರಾಕ್ಸ್‌ಗೆ ಅಂತ ಅವಳು ಗಣೇಶನ ಅಂಗಡಿಯ ಮುಂದೆ ನಿಲ್ಲಿಸಿದಾಗ ಅವನ ಫೋನಿನ್ನೂ ಕಿವಿಯಲ್ಲೇ ಇತ್ತು.

"ಗೊತ್ತಾಯ್ತು ಮೇಡಂ" ಅಂದ ಗಣೇಶ. "ಮಾಯಣ್ಣ ಈಗ್ ತಾನೇ ಹೇಳ್ದ. ಯಾರ್ಗೂ ಹೇಳ್ಬ್ಯಾಡ ಅಂದವ್ನೆ."